ಕುಮಾರಪರ್ವತಕ್ಕೆ ಎಂಟು ಸಾಲು: ನಕ್ಷೆ ಓದಿ ಚಾರಣ ಹೊರಡುವವರಿಗೊಂದು ವ್ಯಾಖ್ಯಾನ

ಸೂಲಿಬೆಲೆಯ ಸುತ್ತ ಬೆಳೆದವರಿಗೆ ನೆಲ ಎಂದರೆ ಕೆರೆ, ಕೆರೆ ಏರಿ, ದ್ರಾಕ್ಷಿ ತೋಟ, ನೀಲಗಿರಿ ತೋಪು. ವಾಯವ್ಯಕ್ಕೆ ನೇರ ಗೆರೆಯಲ್ಲಿ ಸುಮಾರು 25 ಕಿಲೋಮೀಟರ್ ದೂರದ ನಂದಿಬೆಟ್ಟವೇ ಎತ್ತರದ ಅಳತೆಗೋಲು. ಇಂಥ ಬಯಲಿನ ಹುಡುಗ ಹುಡುಗಿಯರು ಈಗ ಗುಂಪು ಕಟ್ಟಿಕೊಂಡು ಪಶ್ಚಿಮ ಘಟ್ಟಕ್ಕೆ ಚಾರಣ ಹೋಗುತ್ತಾರೆ. ಕೈಯಲ್ಲಿ ಮೊಬೈಲ್ ಇರುತ್ತದೆ, ಅದರಲ್ಲಿ ನಕ್ಷೆಯೂ ಇರುತ್ತದೆ. ಆ ನಕ್ಷೆ ಹೇಳುವುದನ್ನು ಹೊರಡುವ ಮುನ್ನವೇ ಕೇಳಿಸಿಕೊಳ್ಳಲಿ ಎಂದು ಅಲ್ಲಿನ ಕುಮಾರಪರ್ವತದ ಚಾರಣಕ್ಕೆ ಎಂಟು ಸಾಲಿನ ಚೀಟಿಯೊಂದನ್ನು ಬರೆದಿದ್ದೇನೆ. ಒಂದೊಂದು ಸಾಲಿಗೂ ವಿವರಣೆ ಕೆಳಗಿದೆ.

1. ಹಾಳೆ 48 ಪಿ/10. ಅಳತೆ 1:50,000. ಗೆರೆಗಳ ಅಂತರ 20 ಮೀಟರ್.

1767ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆ ದೇಶವನ್ನು ಚೌಕಗಳಾಗಿ ಹಂಚಿ, ಒಂದೊಂದು ಚೌಕಕ್ಕೂ ಸಂಖ್ಯೆ ಕೊಟ್ಟಿದೆ. ಹಳೆಯ ಲೆಕ್ಕದಲ್ಲಿ ಸೂಲಿಬೆಲೆ 57 ಜಿ/16, ನಂದಿ 57 ಜಿ/11. ಕುಕ್ಕೆ ಸುಬ್ರಹ್ಮಣ್ಯ ಮತ್ತು ಕುಮಾರಪರ್ವತ ಎರಡೂ 48 ಪಿ/10ರಲ್ಲಿವೆ. 2005ರ ನಕ್ಷೆ ನೀತಿಯ ನಂತರ ಬಂದ ಮುಕ್ತ ಸರಣಿಯಲ್ಲಿ ಇವೇ ಹಾಳೆಗಳಿಗೆ ಡಿ43 ಎಂದು ಶುರುವಾಗುವ ಸಂಖ್ಯೆಗಳಿವೆ. 2017ರಿಂದ ಇಲಾಖೆಯ ಜಾಲತಾಣದಲ್ಲಿ ಪಿಡಿಎಫ್ ಪ್ರತಿ ಉಚಿತವಾಗಿ ಸಿಗುತ್ತಿದೆ.

1:50,000 ಅಳತೆಯಲ್ಲಿ ಹಾಳೆಯ 2 ಸೆಂಟಿಮೀಟರ್ ಎಂದರೆ ನೆಲದ 1 ಕಿಲೋಮೀಟರ್. ಕಂದು ಬಣ್ಣದ ಸಮೋನ್ನತಿ ರೇಖೆಗಳು 20 ಮೀಟರಿಗೊಂದು. ಐದನೆಯದು ದಪ್ಪ, ಅಂದರೆ 100 ಮೀಟರಿಗೊಂದು ದಪ್ಪ ಗೆರೆ. ಮೊದಲು ನಿಮ್ಮೂರಿನ ಹಾಳೆಯನ್ನೇ ತೆರೆಯಿರಿ. ದಿನವೂ ಓಡಾಡುವ ದಿಣ್ಣೆ, ಹಳ್ಳ, ಕೆರೆ ಅಂಗಳ ಗೆರೆಯಲ್ಲಿ ಹೇಗೆ ಮೂಡಿವೆ ಎಂದು ನೋಡಿ. ಆಮೇಲೆ ನಂದಿಯ ಹಾಳೆ, ಕೊನೆಗೆ ಘಟ್ಟದ ಹಾಳೆ. ಗೊತ್ತಿರುವ ನೆಲದಲ್ಲಿ ಗೆರೆ ಓದಲು ಕಲಿತರೆ, ಗೊತ್ತಿಲ್ಲದ ನೆಲದಲ್ಲಿ ಅದನ್ನು ನಂಬಬಹುದು.

2. ಡೇಟಮ್ ಡಬ್ಲ್ಯುಜಿಎಸ್ 84. ಯುಟಿಎಂ ವಲಯ 43.

ಹೆಚ್ಚಿನವರು ಬಿಟ್ಟು ಮುಂದೆ ಹೋಗುವ ಸಾಲು ಇದು. ಡೇಟಮ್ ಎಂದರೆ ಅಕ್ಷಾಂಶ, ರೇಖಾಂಶ ಅಳೆಯಲು ಹಿಡಿದ ಆಧಾರ. ಇಲಾಖೆಯ ಹಳೆಯ ಹಾಳೆಗಳು ಎವರೆಸ್ಟ್ ಎಂಬ ಡೇಟಮ್ ಮೇಲೆ ನಿಂತಿವೆ. ಮೊಬೈಲ್‌ನ ಜಿಪಿಎಸ್ ಡಬ್ಲ್ಯುಜಿಎಸ್ 84 ಮೇಲೆ. ಇವೆರಡನ್ನು ಹೊಂದಿಸದೆ ಕೂಡಿಸಿದರೆ ನಮ್ಮ ಭಾಗದಲ್ಲಿ ಸುಮಾರು 200 ಮೀಟರ್ ವ್ಯತ್ಯಾಸ ಬರುತ್ತದೆ. ಬಯಲಿನಲ್ಲಿ 200 ಮೀಟರ್ ಎಂದರೆ ಒಂದು ಹೊಲ ಆಚೆ. ಬೆಟ್ಟದ ಏಣಿನ ಮೇಲೆ ಅದು ದಾರಿಗೂ ಕಣಿವೆಗೂ ಇರುವ ಅಂತರ.

ವಲಯದ ಮಾತೂ ಅಷ್ಟೇ ಮುಖ್ಯ. ಯುಟಿಎಂ ಎಂಬ ಅಂಕಿಜಾಲ ಭೂಮಿಯನ್ನು ರೇಖಾಂಶದ ಪಟ್ಟಿಗಳಾಗಿ, ಅಂದರೆ ವಲಯಗಳಾಗಿ ಹಂಚುತ್ತದೆ. 78 ಡಿಗ್ರಿ ರೇಖಾಂಶದಲ್ಲಿ 43ನೇ ವಲಯ ಮುಗಿದು 44 ಶುರುವಾಗುತ್ತದೆ. ಸೂಲಿಬೆಲೆ, ನಂದಿ, ಕುಮಾರಪರ್ವತ 43ರಲ್ಲಿವೆ; ಪೂರ್ವಕ್ಕಿರುವ ಕೋಲಾರದ ಅಂತರಗಂಗೆ 44ರಲ್ಲಿದೆ. ಒಬ್ಬರಿಗೊಬ್ಬರು ಜಾಗದ ಅಂಕಿ ಕಳಿಸುವಾಗ ವಲಯವನ್ನೂ ಬರೆಯಿರಿ.

ಎತ್ತರದ ಅಂಕಿಯ ಮೇಲೂ ಕಣ್ಣಿರಲಿ. ನಕ್ಷೆ ಸಮುದ್ರ ಮಟ್ಟದಿಂದ ಅಳೆಯುತ್ತದೆ. ಕೆಲವು ಆ್ಯಪ್‌ಗಳು ಉಪಗ್ರಹದ ಲೆಕ್ಕವನ್ನು ತಿದ್ದದೆ ಹಾಗೆಯೇ ತೋರಿಸುತ್ತವೆ. ನಮ್ಮಲ್ಲಿ ಅದು 80ರಿಂದ 90 ಮೀಟರ್ ಕಡಿಮೆ ಬರುತ್ತದೆ. ಅಂದರೆ ನಾಲ್ಕು ಗೆರೆ ಕೆಳಗೆ.

3. ಕುಕ್ಕೆ, ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತ, ಕುಮಾರಪರ್ವತ.

ಐದು ಹೆಸರು, ಐದು ಬಗೆಯ ನೆಲ. ಕುಕ್ಕೆಯಿಂದ ಗಿರಿಗದ್ದೆಯವರೆಗೆ ದಟ್ಟ ಕಾಡಿನ ಏರು. ಅಲ್ಲಿಂದ ಮೇಲೆ ಹುಲ್ಲುಗಾವಲಿನ ಏಣು, ನೆರಳಿಲ್ಲ. ಗೆರೆಯ ಮೂತಿ ಇಳಿಜಾರಿನ ಕಡೆಗೆ ಚಾಚಿದ್ದರೆ ಏಣು, ಏರಿನ ಕಡೆಗೆ ಚಾಚಿದ್ದರೆ ಕಣಿವೆ. ಇದೊಂದು ಗುರುತು ಹಿಡಿದರೆ ಬಿಸಿಲೆಲ್ಲಿ, ಗಾಳಿಯೆಲ್ಲಿ, ಹಳ್ಳವೆಲ್ಲಿ ಎಂಬುದು ಮನೆಯಲ್ಲೇ ತಿಳಿಯುತ್ತದೆ.

ಶೇಷಪರ್ವತ ಮುಟ್ಟಿದವರು ಬಂದಾಯಿತು ಎಂದುಕೊಳ್ಳುತ್ತಾರೆ. ಆದರೆ ಅದರಾಚೆ ದಾರಿ ಶೋಲಾ ಕಾಡಿಗಿಳಿದು, ಬಂಡೆಯ ಮೇಲೆ ಮತ್ತೆ ಏರುತ್ತದೆ. ಗೆರೆಗಳನ್ನು ಒಂದೊಂದಾಗಿ ಎಣಿಸಿದವರಿಗೆ ಈ ಇಳಿತ ಮೊದಲೇ ಗೊತ್ತಿರುತ್ತದೆ.

ನಕ್ಷೆಯಲ್ಲಿ ದಾರಿ ಇದೆ ಎಂದ ಮಾತ್ರಕ್ಕೆ ನಡೆಯುವ ಹಕ್ಕಿದೆ ಎಂದಲ್ಲ. ಇದು ಪುಷ್ಪಗಿರಿ ವನ್ಯಜೀವಿಧಾಮ. 2024ರ ಜನವರಿಯಲ್ಲಿ ಇಲ್ಲಿ ಜನಜಂಗುಳಿ ಮಿತಿಮೀರಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಹಿಡಿಯಿತು. ನಂತರ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಬಂತು. ಮೊದಲು ಅನುಮತಿ, ಆಮೇಲೆ ಬಸ್ ಟಿಕೆಟ್.

4. ಏರು ಸುಮಾರು 1,600 ಮೀಟರ್. ಹೊತ್ತನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಬೇಡಿ.

ಕುಕ್ಕೆ ಘಟ್ಟದ ಬುಡದಲ್ಲಿದೆ. ಶಿಖರ 1,712 ಮೀಟರ್. ನಡುವೆ ಸುಮಾರು 80 ಗೆರೆ ದಾಟಬೇಕು. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಒಂದು ದಿಕ್ಕಿನ ಸುಮಾರು 13 ಕಿಲೋಮೀಟರಿಗೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಏರಿಗೆ ಮತ್ತೆ ಅಷ್ಟೇ. ಒಟ್ಟು ಐದೂಕಾಲು ಗಂಟೆ. ಇದು ಗಟ್ಟಿಮುಟ್ಟಾದವರು ನಿಲ್ಲದೆ ನಡೆದರೆ. ಬೆನ್ನ ಮೇಲೆ ಚೀಲ, ಹೊಸಬರ ಹೆಜ್ಜೆ, ಊಟ, ದಣಿವು ಸೇರಿದರೆ ಇನ್ನಷ್ಟು. ಗುಂಪಿನಲ್ಲಿ ಅತಿ ನಿಧಾನ ನಡೆಯುವವರ ಹೆಜ್ಜೆಯೇ ಲೆಕ್ಕದ ಹೆಜ್ಜೆಯಾಗಬೇಕು.

5. ಗೆರೆ ಒತ್ತಿಕೊಂಡ ಕಡೆ ಅಡ್ಡದಾರಿ ಬೇಡ.

2022ರ ಫೆಬ್ರುವರಿಯಲ್ಲಿ ನಂದಿಯ ಬ್ರಹ್ಮಗಿರಿಯಲ್ಲಿ ವಿದ್ಯಾರ್ಥಿಯೊಬ್ಬ ಸುಮಾರು 300 ಅಡಿ ಕೆಳಕ್ಕೆ ಜಾರಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡ. ಯಲಹಂಕದ ವಾಯುನೆಲೆಯಿಂದ ಬಂದ ಹೆಲಿಕಾಪ್ಟರ್ ಅವನನ್ನು ಎತ್ತಿ ಉಳಿಸಿತು. 300 ಅಡಿ ಎಂದರೆ ಸುಮಾರು 90 ಮೀಟರ್; ನಕ್ಷೆಯಲ್ಲಿ ನಾಲ್ಕೈದು ಗೆರೆ. ಅಂಥ ಕಡೆ ಗೆರೆಗಳು ಬಾಚಣಿಗೆಯ ಹಲ್ಲಿನಂತೆ ಒತ್ತಿಕೊಂಡಿರುತ್ತವೆ. ಬೆರಳು ಅಲ್ಲಿಗೆ ಬಂದಾಗ ನಿಲ್ಲಲಿ.

ಗೆರೆ ಒತ್ತಿಲ್ಲದ ಕಡೆ ಅಪಾಯವೇ ಇಲ್ಲ ಎಂದೂ ಅಲ್ಲ. 15 ಮೀಟರಿನ ಕಡಿದಾದ ಬಂಡೆ ಎರಡು ಗೆರೆಗಳ ನಡುವೆ ಪೂರ್ತಿ ಅಡಗಬಲ್ಲದು. ಆ್ಯಪ್‌ಗಳ ಎತ್ತರದ ಮಾಹಿತಿಯೂ ಬಹಳಷ್ಟು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ದಟ್ಟ ಕಾಡಿನಲ್ಲಿ ಆ ರೇಡಾರ್ ನೆಲ ಮುಟ್ಟದೆ ಮರದ ತಲೆಯ ಬಳಿಯಿಂದಲೇ ಮರಳಿದೆ. ಕಾಡಿನೊಳಗಿನ ಸಣ್ಣ ಕೊರಕಲು ಅದರಲ್ಲಿ ಕಾಣದು. ಆದ್ದರಿಂದ ತುಳಿದ ದಾರಿ ಬಿಟ್ಟು ಕಾಲಿಡಬೇಡಿ.

6. ನೀಲಿ ಗೆರೆ ನೀರು, ಕಪ್ಪು ಗೆರೆ ಬರೀ ಹಳ್ಳ.

ಸರ್ವೇಕ್ಷಣಾ ಇಲಾಖೆಯ ಹಾಳೆಯಲ್ಲಿ ನೀರಿರುವ ತೊರೆ ನೀಲಿ, ಒಣ ಹಳ್ಳ ಕಪ್ಪು. ಮೊಬೈಲ್ ಆ್ಯಪ್‌ಗಳಲ್ಲಿ ಎಷ್ಟೋ ಸಲ ಎಲ್ಲವೂ ನೀಲಿಯೇ. ಹಾಗಾಗಿ ನೀರಿನ ಲೆಕ್ಕಕ್ಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀಲಿ ಗೆರೆ ಕೂಡ ಅಳತೆಯಾದ ವರ್ಷದ ಮಾತು. ಗಿರಿಗದ್ದೆಯಲ್ಲಿ ತುಂಬಿಸಿಕೊಂಡ ಬಾಟಲಿಯೇ ಶಿಖರದವರೆಗಿನ ನೀರು ಎಂದು ಲೆಕ್ಕ ಹಾಕಿ.

7. ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ. ಕಾಗದದಲ್ಲೊಂದು, ಮನೆಯವರ ಕೈಯಲ್ಲೊಂದು.

ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ನಕ್ಷೆ ತೆರೆಯಲು ಬೇಕು. ಆದ್ದರಿಂದ ಹಾಳೆಯನ್ನೂ ದಾರಿಯ ಜಿಪಿಎಕ್ಸ್ ಕಡತವನ್ನೂ ಮೊದಲೇ ಇಳಿಸಿ, ಫ್ಲೈಟ್ ಮೋಡ್‌ನಲ್ಲಿಟ್ಟು ತೆರೆಯುತ್ತದೆಯೇ ನೋಡಿ. ಕಾಡಿನಲ್ಲೂ ಅದೇ ಮೋಡ್ ಇದ್ದರೆ ಬ್ಯಾಟರಿ ಉಳಿಯುತ್ತದೆ. ಮಳೆಗೆ ನೆನೆಯದಂತೆ ಕವರಿನಲ್ಲಿಟ್ಟ ಒಂದು ಮುದ್ರಿತ ಪ್ರತಿ, ಒಂದು ದಿಕ್ಸೂಚಿ ಸಾಕು. ನಮ್ಮ ರಾಜ್ಯದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ. ಹೊಸಬರೂ ಸುಲಭವಾಗಿ ಕಲಿಯಬಹುದು. ಮನೆಯಲ್ಲಿ ಕೊಟ್ಟ ಪ್ರತಿಯ ಮೇಲೆ ಇಳಿದು ಫೋನ್ ಮಾಡುವ ಹೊತ್ತನ್ನು ಬರೆದಿಡಿ.

8. ಮಧ್ಯಾಹ್ನ 12ಕ್ಕೆ ಶೇಷಪರ್ವತ ಮುಟ್ಟದಿದ್ದರೆ ವಾಪಸ್.

ಮೇಲಿನ ಏಳು ಸಾಲೂ ಈ ಸಾಲಿಗಾಗಿಯೇ. ಬೆಳಗ್ಗೆ 6ಕ್ಕೆ ಕುಕ್ಕೆ ಬಿಟ್ಟರೆ, ನಡುವೆ ನಿಲ್ಲುವ ಹೊತ್ತೂ ಸೇರಿ ಹನ್ನೆರಡೂವರೆ ಹೊತ್ತಿಗೆ ಶಿಖರ, ಇಳಿಯಲು ನಾಲ್ಕೈದು ಗಂಟೆ; ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಅರಣ್ಯ ಇಲಾಖೆಯ ಗೇಟಿನ ಸಮಯಕ್ಕೆ ತಕ್ಕಂತೆ ಈ ಅಂಕಿ ಬದಲಾಗಲಿ, ಆದರೆ ಅಂಕಿಯೊಂದು ಇರಲೇಬೇಕು. ಶಿಖರ ಎದುರಿಗೆ ಕಾಣುವಾಗ, ಜೊತೆಗಾರರು ಇನ್ನೇನು ಬಂತು ಎನ್ನುವಾಗ ಹಿಂತಿರುಗುವ ತೀರ್ಮಾನ ಯಾರಿಗೂ ಸುಲಭವಲ್ಲ. ಹಿಂದಿನ ರಾತ್ರಿ ಮೇಜಿನ ಮೇಲೆ ನಕ್ಷೆ ಹರಡಿ, ಗೆರೆ ಎಣಿಸಿ, ಎಲ್ಲರೂ ಒಪ್ಪಿ ಬರೆದಿಟ್ಟ ಹೊತ್ತಿಗೆ ಮಾತ್ರ ಆ ಆಸೆಯನ್ನು ತಡೆಯುವ ಬಲವಿದೆ. ನಕ್ಷೆ ಓದುವುದು ಎಂದರೆ ಎಲ್ಲಿಂದ ಹಿಂದಿರುಗಬೇಕೆಂದು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳುವುದು.