ಗಂಟು ಕಾಣದ ಹೊಲಿಗೆ

ವಾಂಗ್‌ಶಿ ತೋಟದ ಹೊಸ್ತಿಲು ದಾಟುತ್ತಿದ್ದಂತೆ ಮೇಷ್ಟ್ರು ನನ್ನ ತೋಳು ಹಿಡಿದು ನಿಲ್ಲಿಸಿ ಏನೋ ಅಂದರು. ದುಭಾಷಿ ಹುಡುಗಿ ಒಂದು ಗಳಿಗೆ ಯೋಚಿಸಿ, "ಅವಸರ ಮಾಡಿ ನೋಡಬೇಡಿ ಅಂತಿದಾರೆ" ಎಂದಳು. ಶಾಂಘೈಯಿಂದ ಅರ್ಧ ಗಂಟೆಯಲ್ಲಿ ರೈಲು ನಮ್ಮನ್ನು ಸುಝೌಗೆ ತಂದು ಎಸೆದಿತ್ತು. ಆ ವೇಗ ಇನ್ನೂ ಕಾಲಲ್ಲೇ ಇದ್ದದ್ದು ಅವರಿಗೆ ಕಂಡಿರಬೇಕು.

ಮೇಷ್ಟ್ರು ಎಂದರೆ ನನ್ನ ಮಗನ ಸಹೋದ್ಯೋಗಿಯ ತಂದೆ. ನಿವೃತ್ತ ಶಾಲಾ ಶಿಕ್ಷಕರು. ಅವರ ಮನೆಯವರು ಮಾತಿಗಿಂತ ಮೊದಲು ನಗುವ ಜೀವ. ಹುಡುಗಿ ಅವರ ತಂಗಿಯ ಮಗಳು, ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದಳು. ನನ್ನ ಕಡೆ ನಾನು, ನನ್ನಾಕೆ, ಮತ್ತು ಆಕೆ ಹಟ ಹಿಡಿದು ಉಟ್ಟುಕೊಂಡು ಬಂದ ಕಸೂತಿಯ ಇಳಕಲ್ ಸೀರೆ.

ದುಭಾಷಿಯ ಜೊತೆ ಊರು ನೋಡುವ ಸುಖವೇ ಬೇರೆ. ಅವರು ಹೇಳಬೇಕು, ಇವಳು ತಿಳಿದುಕೊಳ್ಳಬೇಕು, ಆಮೇಲೆ ನಮಗೆ ಬರಬೇಕು. ಮಾತು ಬಂದು ಮುಟ್ಟುವ ಹೊತ್ತಿಗೆ ಕಣ್ಣು ಚೆನ್ನಾಗಿ ನೆನೆದಿರುತ್ತದೆ, ದೋಸೆಗೆ ಹಾಕಿದ ಅಕ್ಕಿಯ ಹಾಗೆ.

ವಾಂಗ್‌ಶಿ ಎಂದರೆ ಬಲೆ ಬೀಸುವವನು, ಬೆಸ್ತ. 12ನೇ ಶತಮಾನದಲ್ಲಿ ಒಬ್ಬ ಅಧಿಕಾರಿಯ ಮನೆಯಾಗಿದ್ದ ಜಾಗ. ಈ ಹೆಸರು 18ನೇ ಶತಮಾನದ್ದು. ದರ್ಬಾರಿನ ಗೊಡವೆ ಸಾಕಾದ ಒಡೆಯನಿಗೆ ಮೀನು ಹಿಡಿದುಕೊಂಡಿರುವ ಆಸೆ! ಸುಝೌದ ತೋಟಗಳಲ್ಲಿ ಇದು ಚಿಕ್ಕದು, ಒಂದೂವರೆ ಎಕರೆಯೂ ಇಲ್ಲ. ಆದರೆ ಒಳಗೆ ಹೋದವರಿಗೆ ಆ ಲೆಕ್ಕ ಮರೆತುಹೋಗುತ್ತದೆ. ನಡುವೆ ಒಂದು ಕೊಳ. ಅಂಚಿಗೆ ನೀರು ಕೊರೆದಂತಿರುವ ಹಳದಿ ಬಂಡೆಗಳು. ಕೊಳದ ಒಂದು ಮೂಲೆಯಲ್ಲಿ ನೀರು ಕಿರಿದಾಗಿ ಬಂಡೆಗಳ ಸಂದಿಗೆ ನುಸುಳುತ್ತದೆ. ಅದರ ಮೇಲೆ ಕಲ್ಲಿನ ಕಮಾನು ಸೇತುವೆ. ಮೂರೇ ಹೆಜ್ಜೆ! ಮಕ್ಕಳ ಆಟಕ್ಕೆ ಮಾಡಿದ್ದೇನೋ ಅನ್ನಿಸುವಷ್ಟು ಚಿಕ್ಕದು. ಹುಡುಗಿ ಮೇಷ್ಟ್ರ ಮಾತು ತಂದಳು: "ಸೇತುವೆ ಸಣ್ಣದಾದರೆ ನೀರು ದೊಡ್ಡದಾಗುತ್ತೆ." ತಿರುಗಿ ನೋಡಿದೆ. ನಿಜವೇ. ಅಂಗಳದಷ್ಟಿದ್ದ ಕೊಳ ಆ ಪುಟ್ಟ ಸೇತುವೆಯ ಪಕ್ಕ ಕೆರೆಯಾಗಿ ಹರಡಿಕೊಂಡಿತ್ತು, ಸೇತುವೆಯಾಚೆ ಎಲ್ಲೋ ದೂರಕ್ಕೆ ಹರಿದುಹೋಗುವಂತೆ ಕಂಡಿತು.

ಕೊಳದ ಪಡುವಣಕ್ಕೆ ಆರು ಮೂಲೆಯ ಮಂಟಪ. ಅದರ ಹೆಸರನ್ನು ಹುಡುಗಿ ಎರಡು ಸಲ ತಿದ್ದಿ ಹೇಳಿದಳು: "ಚಂದ್ರ ಬರುತ್ತಾನೆ, ಗಾಳಿ ಬರುತ್ತದೆ." ಒಳಗೊಂದು ದೊಡ್ಡ ಕನ್ನಡಿ ಇಟ್ಟಿದ್ದಾರೆ. ಹುಣ್ಣಿಮೆಯ ರಾತ್ರಿ ಇಲ್ಲಿ ಕುಳಿತರೆ ಆಕಾಶದಲ್ಲಿ ಒಬ್ಬ, ನೀರಿನಲ್ಲಿ ಒಬ್ಬ, ಕನ್ನಡಿಯಲ್ಲಿ ಇನ್ನೊಬ್ಬ ಚಂದ್ರ. ನಾವು ಹೋದದ್ದು ಹಗಲು. ಚಂದ್ರನ ಬದಲು ಕನ್ನಡಿಯಲ್ಲಿ ತಿಳಿಹಸಿರು ನೀರು ಮೆಲ್ಲಗೆ ಅಲುಗುತ್ತಿತ್ತು. ನನಗೆ ಅದೇ ಸಾಕಾಯಿತು.

ಪಕ್ಕದಲ್ಲೇ ಪಿಯೊನಿ ಹೂವಿನ ಅಂಗಳ. ಅದನ್ನು ಮಾದರಿಯಾಗಿಟ್ಟುಕೊಂಡು ಸುಝೌದ ಕುಶಲಕರ್ಮಿಗಳೇ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಒಂದು ಅಂಗಳ ಕಟ್ಟಿಕೊಟ್ಟರು, 1981ರಲ್ಲಿ ಅದು ತೆರೆಯಿತು. ಮೇಷ್ಟ್ರಿಗೆ ಈ ಕೀರ್ತಿಗಿಂತ ಹುಲಿಯ ಕಥೆಯೇ ಪ್ರೀತಿ. 1930ರ ದಶಕದಲ್ಲಿ ಕಲಾವಿದ ಜಾಂಗ್ ದಾಚಿಯನ್ ತನ್ನ ಅಣ್ಣನೊಂದಿಗೆ ಇಲ್ಲಿದ್ದ. ಹುಲಿಯ ಚಿತ್ರಗಳಿಗೆ ಹೆಸರಾದ ಆ ಅಣ್ಣ ಹುಲಿಮರಿಯೊಂದನ್ನು ಇಲ್ಲೇ ಸಾಕಿಕೊಂಡಿದ್ದನಂತೆ. ಈ ನಾಜೂಕು ಕಿಟಕಿಗಳ ನಡುವೆ ಹುಲಿ!

ಮಧ್ಯಾಹ್ನ ನೋಡಿದ ಇನ್ನೊಂದು ತೋಟದಲ್ಲಿ ನಾನು ಗಕ್ಕನೆ ಕಾಲು ಹಿಂದೆಗೆದೆ. ನದಿಗಲ್ಲು ಮತ್ತು ಹೆಂಚಿನ ಚೂರು ಜೋಡಿಸಿ ಮಾಡಿದ ನೆಲದ ಚಿತ್ತಾರದಲ್ಲಿ ಬಾವಲಿಗಳು. ನಮ್ಮಲ್ಲಿ ಬಾವಲಿ ಮನೆ ಹೊಕ್ಕರೆ ಶಾಂತಿ ಮಾಡಿಸುತ್ತಾರೆ. ಇಲ್ಲಿ "ಫು" ಅಂದರೆ ಬಾವಲಿ, "ಫು" ಅಂದರೆ ಭಾಗ್ಯವೂ ಹೌದು. ಉಚ್ಚಾರ ಒಂದೇ ಆದ್ದರಿಂದ ಬಾವಲಿಗೆ ಈ ಪಟ್ಟ. ನಾನು ಶಾಂತಿ ಹೋಮದ ವಿಷಯ ಹೇಳಿದೆ. ಹುಡುಗಿ ಅದನ್ನು ಮೇಷ್ಟ್ರಿಗೆ ಹೇಳದೆ ನುಂಗಿಕೊಂಡಳೆಂದು ನನ್ನ ಗುಮಾನಿ.

ಸಂಜೆ ಅವರ ಮನೆಯಲ್ಲಿ ಚಹಾ. ನಾವು ಧಾರವಾಡದವರು "ಚಾ" ಅನ್ನುತ್ತೇವೆ, ಅವರೂ "ಚಾ". ಆ ಒಂದು ಪದಕ್ಕೆ ದುಭಾಷಿ ಬೇಕಾಗಲಿಲ್ಲ. ಇದು ಬಿಲೋಚುನ್, ಹತ್ತಿರದ ತಾಯ್‌ಹು ಸರೋವರದ ಗುಡ್ಡಗಳ ವಸಂತದ ಚಿಗುರು. ಹಣ್ಣಿನ ಮರಗಳ ನಡುವೆ ಬೆಳೆಯುತ್ತದೆ. ಅರ್ಧ ಕಿಲೋ ಪುಡಿಗೆ ಅರವತ್ತು ಸಾವಿರಕ್ಕೂ ಮಿಗಿಲಾಗಿ ಕುಡಿಗಳು ಬೇಕು. ಪುಡಿ ಎಂದೆನೆ? ತಪ್ಪು. ಬಸವನಹುಳುವಿನಂತೆ ಸುರುಳಿ ಸುತ್ತಿದ, ಮೈತುಂಬ ಬಿಳಿ ನವಿರಿರುವ ಎಲೆಗಳವು. ಮೇಷ್ಟ್ರ ಮನೆಯವರು ಗಾಜಿನ ಲೋಟಕ್ಕೆ ಮೊದಲು ಬಿಸಿನೀರು ಹೊಯ್ದರು. ಕುದಿ ಇಳಿಯಲು ಬಿಟ್ಟರು. ಆಮೇಲೆ ಮೇಲಿನಿಂದ ಒಂದು ಚಿಟಿಕೆ ಉದುರಿಸಿದರು. ಎಲೆಗಳು ನೀರು ಮುಟ್ಟಿದವು, ಒದ್ದೆಯಾದವು, ಒಂದೊಂದಾಗಿ ಸುರುಳಿ ಬಿಚ್ಚುತ್ತ, ನವಿರು ಚೆಲ್ಲುತ್ತ, ತಳಕ್ಕೆ ಇಳಿದವು. ಯಾರೂ ಮಾತಾಡಲಿಲ್ಲ. ಮೊದಲ ಗುಟುಕಿನಲ್ಲಿ ಏನೂ ಇಲ್ಲ ಅನ್ನಿಸಿತು. ನುಂಗಿದ ಮೇಲೆ ಗಂಟಲಿನಿಂದ ಹಣ್ಣಿನಂಥ ತೆಳು ಸಿಹಿ ತಿರುಗಿ ಬಂತು. ಇದರ ಹಳೆಯ ಹೆಸರನ್ನು ಹೇಳಲು ಹುಡುಗಿ ಪರದಾಡಿದಳು: "ಹೆದರಿಸಿ... ಸಾಯಿಸೋ... ಘಮ." ಅಷ್ಟು ಒರಟು ಹೆಸರು ಕಾಂಗ್‌ಶಿ ಚಕ್ರವರ್ತಿಗೆ ಹಿಡಿಸದೆ ಬದಲಿಸಿದ ಎಂಬುದು ಪ್ರತೀತಿ. ಚಕ್ರವರ್ತಿ ಸುಮ್ಮನಿರಬೇಕಿತ್ತು.

ಮರುದಿನ ಝೆನ್‌ಹು. ಸರೋವರದ ದಡದ ಈ ಊರು ಸುಝೌ ಕಸೂತಿಯ ತವರು. ಮೇಷ್ಟ್ರ ಮನೆಯವರ ಪರಿಚಯದ ಹೆಣ್ಣುಮಗಳೊಬ್ಬಳು ಕಿಟಕಿಯ ಬೆಳಕಿಗೆ ಚೌಕಟ್ಟು ಹೊಂದಿಸಿಕೊಂಡು ಕುಳಿತಿದ್ದಳು. ಆಚೆ ಬದಿ ಕಾಣುವಷ್ಟು ತೆಳ್ಳನೆಯ ರೇಷ್ಮೆಯ ಮೇಲೆ ಹೊಂಬಣ್ಣದ ಮೀನು. ಆಕೆ ರೇಷ್ಮೆ ದಾರದ ತುದಿಯನ್ನು ಬೆರಳಲ್ಲಿ ಹೊಸೆದು ಸೀಳಿದಳು. ಎರಡು. ಮತ್ತೆ ಸೀಳಿ ನಾಲ್ಕು. ಎಂಟು. ಹದಿನಾರು. ಕೊನೆಗೆ ಬೆರಳ ತುದಿಯಲ್ಲಿ ಉಳಿದದ್ದನ್ನು ನೋಡಲು ನಾನು ಕನ್ನಡಕ ತೆಗೆದು ಹತ್ತಿರ ಬಾಗಬೇಕಾಯಿತು. ಉಸಿರು ಬಿಟ್ಟೆ, ಎಳೆ ಹಾರಿತು. ಆಕೆ ನಕ್ಕು ಇನ್ನೊಂದು ಸೀಳಿದಳು. ಅಂಥ ಎಳೆಯಲ್ಲಿ ಹೊಲಿದ ಬಾಲ ನೀರಿನಲ್ಲಿ ಕರಗುತ್ತಿರುವಂತೆಯೇ ಕಾಣುತ್ತಿತ್ತು.

ನನ್ನಾಕೆ ಮಾತ್ರ ಮೀನು ನೋಡಲಿಲ್ಲ. ಸೀದಾ ಚೌಕಟ್ಟಿನ ಹಿಂದಕ್ಕೆ ಹೋದಳು. ಕಸೂತಿ ಬಲ್ಲವರು ಮೊದಲು ನೋಡುವುದು ಬೆನ್ನನ್ನೇ. ಹಿಂದೆಯೂ ಅದೇ ಮೀನು, ಅದೇ ಹೊಳಪು, ಒಂದು ಗಂಟಿಲ್ಲ. ದಾರದ ತುದಿಗಳೆಲ್ಲ ಹೊಲಿಗೆಯ ಅಡಿಯಲ್ಲೇ ಅಡಗಿದ್ದವು. ಅಷ್ಟರಲ್ಲಿ ಆ ಹೆಣ್ಣುಮಗಳು ಎದ್ದು ಬಂದು ಇವಳ ಸೆರಗು ಹಿಡಿದು ತಿರುಗಿಸಿದಳು. ಗವಂತಿ ಹೊಲಿಗೆಯ ಗೋಪುರ, ತುಳಸಿಕಟ್ಟೆ, ಆನೆ. ಹಿಂದೂ ಅವೇ, ಮುಂದೂ ಅವೇ. ಉಗುರಿನಿಂದ ಒಂದೊಂದೇ ಎಳೆ ಎಣಿಸುತ್ತ ಹೋದಳು. ತಲೆಯೆತ್ತಿ ಒಂದೇ ಮಾತು ಅಂದಳು.

"ಗಂಟು ಎಲ್ಲಿ ಅಂತ ಕೇಳ್ತಿದಾರೆ," ಎಂದಳು ಹುಡುಗಿ.

"ಇಲ್ಲಂತ ಹೇಳವ್ವಾ," ಎಂದಳು ನನ್ನಾಕೆ, ಪಕ್ಕಾ ಧಾರವಾಡದ ಕನ್ನಡದಲ್ಲಿ. ಹುಡುಗಿ ನನ್ನ ಮುಖ ನೋಡುವಷ್ಟರಲ್ಲಿ ಅವರಿಬ್ಬರೂ ಮತ್ತೆ ಸೆರಗಿನೊಳಗೆ ಮುಳುಗಿದ್ದರು.

ಹೊರಡುವಾಗ ಮೇಷ್ಟ್ರು "ಮಾನ್ ಜೌ" ಅಂದರು: ನಿಧಾನವಾಗಿ ಹೋಗಿ. ಬೀಳ್ಕೊಡುವಾಗ ಅಲ್ಲಿ ಹಾಗೆ ಹೇಳುವುದು ವಾಡಿಕೆ, ನಮ್ಮ "ಹೋಗಿ ಬನ್ನಿ"ಯ ಹಾಗೆ.

ಅಂಗೈಯಗಲದ ಮೀನೊಂದನ್ನು ಕೊಂಡು ತಂದೆವು. ಗೋಡೆಗೆ ತೂಗುಹಾಕಿಲ್ಲ, ಹಾಕಿದರೆ ಅರ್ಧ ಮೀನು ವ್ಯರ್ಥ. ನಡುಮನೆಯ ಕಿಟಕಿಯಲ್ಲಿ ನಿಲ್ಲಿಸಿದ್ದೇವೆ. ಧಾರವಾಡದ ಕಡೆ ಬಂದರೆ ಬನ್ನಿ, ಎರಡೂ ಕಡೆಯಿಂದ ನೋಡಿ. ಬಿಲೋಚುನ್ ಮಾತ್ರ ಕೇಳಬೇಡಿ, ಅದು ಬಂದ ತಿಂಗಳಲ್ಲೇ ಮುಗಿಯಿತು.