ಬೆರಳಿಗೆ ಚೆಕ್ಕುಬಂದಿ

ಮುಶಿಗೇರಿಯಲ್ಲಿ ನಮ್ಮ ಕಾಕಾ ಈಗ ಹೊಲದ ಪಹಣಿಯನ್ನು ಮೊಬೈಲಿನಲ್ಲೇ ನೋಡುತ್ತಾರೆ. ಅಕ್ಷರ ಸಣ್ಣದಾದರೆ ಕನ್ನಡಕ ಹುಡುಕುವುದಿಲ್ಲ. ಎರಡು ಬೆರಳು ಗಾಜಿನ ಮೇಲಿಟ್ಟು ಅಗಲಿಸುತ್ತಾರೆ, ಎಕರೆ-ಗುಂಟೆ ದೊಡ್ಡದಾಗಿ ಕಾಣುತ್ತದೆ. ಪುಟ ಮುಗಿದ ಮೇಲೂ ಎಳೆದರೆ ಅದು ತುಸು ಮೇಲೆದ್ದು, ಬೆರಳು ತೆಗೆದ ಕೂಡಲೇ ರಬ್ಬರಿನ ಹಾಗೆ ಹಿಂದಕ್ಕೆ ಜಿಗಿಯುತ್ತದೆ. "ಕಾಕಾ, ಇದನ್ನ ನಿಮಗ ಯಾರು ಕಲಿಸಿದ್ರು?" ಎಂದು ಕೇಳಿದೆ. "ಕಲಸೂದೇನೈತಿ, ಬೆರಳಿಗೆ ತಾನ ತಿಳೀತೈತಿ" ಅಂದರು.

ಹೀಗೆ ತಾನೇ ತಿಳಿಯುವ ಆ ಜಿಗಿತಕ್ಕೆ ಅಮೆರಿಕದಲ್ಲಿ ಒಂದು ನಂಬರಿದೆ: 7,469,381. ಆ್ಯಪಲ್ ಕಂಪನಿಯ ಪೇಟೆಂಟ್ ಅದು. ಆವಿಷ್ಕಾರಕನೆಂದು ಬಾಸ್ ಓರ್ಡಿಂಗ್ ಎಂಬ ವಿನ್ಯಾಸಕಾರನ ಹೆಸರಿದೆ. 2011ರಲ್ಲಿ ಆ್ಯಪಲ್ ಸ್ಯಾಮ್‌ಸಂಗ್ ಮೇಲೆ ಹೂಡಿದ ದಾವೆಯಲ್ಲಿ ಈ ಜಿಗಿತವೂ ಒಂದು ದೂರಾಗಿತ್ತು. 2012ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಎಲ್ಲ ದೂರುಗಳಿಗೂ ಸೇರಿಸಿ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಹೇಳಿತು. ಮೊತ್ತ ಇಳಿಯಿತು, ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು, 2018ರಲ್ಲಿ ರಾಜಿಯಾಯಿತು. ನನಗೆ ಕುತೂಹಲ ಹುಟ್ಟಿದ್ದು ದುಡ್ಡಿನ ಲೆಕ್ಕದಲ್ಲಲ್ಲ, ಆ ಪೇಟೆಂಟಿನ ಗದ್ಯದಲ್ಲಿ.

ಪೇಟೆಂಟಿನ ಕೊನೆಯಲ್ಲಿ ಹಕ್ಕು ಸಾಧಿಸುವ ಭಾಗವೊಂದಿರುತ್ತದೆ. ಅಲ್ಲಿ ಪ್ರತಿ ಹಕ್ಕನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕು, ಒಂದೇ ಪೂರ್ಣವಿರಾಮ. ಜಿಗಿತದ ವಾಕ್ಯವನ್ನು ನಾನು ಅರ್ಥಮಾಡಿಕೊಂಡಂತೆ ಹೇಳುವುದಾದರೆ: ಪರದೆಯ ಮೇಲೆ ಅಥವಾ ಹತ್ತಿರ ವಸ್ತುವೊಂದು ಚಲಿಸಿದಾಗ ದಾಖಲೆಯೂ ಸರಿಯುತ್ತದೆ, ಅಂಚು ಮುಟ್ಟಿದ ಮೇಲೂ ವಸ್ತು ಅಲ್ಲೇ ಇದ್ದರೆ ಅಂಚಿನಾಚೆಯ ಜಾಗ ತೋರುತ್ತದೆ, ವಸ್ತು ಹೋದ ಕೂಡಲೇ ಆ ಜಾಗ ಮರೆಯಾಗುವವರೆಗೆ ದಾಖಲೆ ಹಿಂದೆ ಸರಿಯುತ್ತದೆ.

ಗಮನಿಸಿ, ಇಲ್ಲಿ ಬೆರಳೇ ಇಲ್ಲ. ಬೆರಳಿಗಾಗಿಯೇ ಹುಟ್ಟಿದ ಕಲ್ಪನೆ 'ವಸ್ತು' ಎನ್ನುತ್ತದೆ. 'ಬೆರಳು' ಎಂದು ಬರೆದರೆ ಕಡ್ಡಿ ಹಿಡಿದವನು ತಪ್ಪಿಸಿಕೊಳ್ಳುತ್ತಾನೆ. 'ಚಿತ್ರ' ಎಂದರೆ ಅಕ್ಷರದ ಪುಟ ಹೊರಗುಳಿಯುತ್ತದೆ, ಅದಕ್ಕೇ 'ದಾಖಲೆ'. ಕವಿ ಕಂಡದ್ದನ್ನು ಹೆಸರಿಡಿದು ಹತ್ತಿರ ತರುತ್ತಾನೆ, ಈ ಗದ್ಯ ಹೆಸರು ಕಳಚಿ ದೂರ ಮಾಡುತ್ತದೆ. ನಮ್ಮ ಖರೀದಿ ಪತ್ರಗಳಲ್ಲೂ ಹಕ್ಕಿನ ಗದ್ಯವಿದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎಂದು ಚೆಕ್ಕುಬಂದಿ ಬರೆಯುತ್ತಾರೆ. ಆ ಹಳ್ಳವನ್ನು ಹೋಗಿ ನೋಡಬಹುದು, ಕಲ್ಲು ನೆಡಬಹುದು. ಪೇಟೆಂಟಿನ ಚೆಕ್ಕುಬಂದಿಗೆ ಪದಗಳೇ ಬದು. ಪದ ಎಷ್ಟು ಮಸುಕೋ ಹೊಲ ಅಷ್ಟು ದೊಡ್ಡದು.

ಹಾಗಾಗಿ ನ್ಯಾಯಾಲಯದಲ್ಲಿ ನಡೆಯುವುದು ಹೆಚ್ಚುಕಡಿಮೆ ವಿಮರ್ಶೆಯೇ. ಪರದೆ ಸರಿಸಿ ಬೀಗ ತೆಗೆಯುವ ಆ್ಯಪಲ್‌ನ ಕಲ್ಪನೆಯನ್ನೇ ತೆಗೆದುಕೊಳ್ಳಿ. ಐಫೋನಿಗಿಂತ ಮೊದಲೇ ಸ್ವೀಡನ್ನಿನ ನಿಯೋನೋಡ್ ಫೋನಿನಲ್ಲಿ ಅಂಥದ್ದಿತ್ತು. ಇಂಗ್ಲೆಂಡಿನ ಹೈಕೋರ್ಟ್ 2012ರಲ್ಲಿ, ಜರ್ಮನಿಯ ಉನ್ನತ ನ್ಯಾಯಾಲಯ 2015ರಲ್ಲಿ ಆ ಹಕ್ಕನ್ನು ಅನೂರ್ಜಿತಗೊಳಿಸಿದವು. ಅಮೆರಿಕದ ಮೇಲ್ಮನವಿ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿಯಿತು. ಓದುಗನೇ ಕೃತಿಯನ್ನು ಕಟ್ಟುತ್ತಾನೆಂದು ಎಂ.ಎ. ತರಗತಿಯಲ್ಲಿ ಬಾಯಿಪಾಠ ಮಾಡಿದವರು ಈ ಮೂರು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸ್ಯಾಮ್‌ಸಂಗ್ ಅಂತೂ ಟ್ಯಾಬ್ಲೆಟ್ಟಿನ ಆಕಾರ ಹಳೆಯದೆಂದು ತೋರಿಸಲು ಸ್ಟ್ಯಾನ್ಲಿ ಕುಬ್ರಿಕ್‌ನ 1968ರ ಸಿನಿಮಾದ ದೃಶ್ಯವೊಂದನ್ನೇ ಕೋರ್ಟಿನ ಮುಂದಿಟ್ಟಿತು!

ನಮ್ಮಲ್ಲಿ ಜಗಳ ಎರಡು ಲ್ಯಾಟಿನ್ ಪದಗಳಲ್ಲಿದೆ. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ 'ಪರ್ ಸೆ' ಆವಿಷ್ಕಾರವಲ್ಲ. ಎಂದರೆ ಬರಿಯ ಪ್ರೋಗ್ರಾಂ, ಅಷ್ಟಕ್ಕೇ. 2004ರ ಸುಗ್ರೀವಾಜ್ಞೆ ಈ ತಡೆಯನ್ನು ಸಡಿಲಿಸಿತ್ತು. 2005ರಲ್ಲಿ ಸಂಸತ್ತು ಅದನ್ನು ಒಪ್ಪಲಿಲ್ಲ. ಆದರೆ 'ಬರಿಯ' ಎಲ್ಲಿ ಮುಗಿಯುತ್ತದೆ? 2019ರಲ್ಲಿ ಫರೀದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮವಿದ್ದರೆ ಬಾಗಿಲು ಮುಚ್ಚಬೇಕಿಲ್ಲ ಎಂಬರ್ಥದ ಮಾತು ಹೇಳಿತು. ಆ ಎರಡು ಪದಗಳ ವ್ಯಾಖ್ಯಾನ ಇನ್ನೂ ಬೆಳೆಯುತ್ತಲೇ ಇದೆ.

ಇದನ್ನೆಲ್ಲ ಓದುವಾಗ ನನ್ನ ಬೆರಳುಗಳ ಕಡೆ ನೋಡಿಕೊಂಡೆ. ಕನ್ನಡ ಟೈಪ್ ಮಾಡುವ ಚಲನೆಗೇ ಯಾರಾದರೂ ಬೇಲಿ ಹಾಕಿದ್ದರೆ?

ಹಾಕಬಹುದಾಗಿದ್ದವರು ಕೆ.ಪಿ. ರಾವ್. ಮಂಗಳೂರು ಸೀಮೆಯ ಕಿನ್ನಿಕಂಬಳದವರು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಿಗೆ ಅವರು ಕನ್ನಡವನ್ನು ಹೊಂದಿಸಿದ ರೀತಿಯನ್ನು ಒಂದು ಕೃತಿಯಂತೆ ಓದಬೇಕು. ಕೆ ಒತ್ತಿದರೆ ಕ, ದೊಡ್ಡ ಕೆ ಒತ್ತಿದರೆ ಖ: ಅಲ್ಪಪ್ರಾಣ, ಮಹಾಪ್ರಾಣದ ಸಂಬಂಧ ಶಿಫ್ಟ್ ಕೀಲಿಯೊಳಗೆ ಬಂತು. ಐ ಕೀಲಿ ಒಂಟಿಯಾಗಿದ್ದರೆ ಇ, ವ್ಯಂಜನದ ಬೆನ್ನಿಗೆ ಬಂದರೆ ಗುಡಿಸು. ಒಂದೇ ಸ್ವರಕ್ಕೆ ಎರಡು ರೂಪವೆಂಬುದನ್ನು ಟೈಪ್ ಮಾಡುವವರು ನೆನಪಿಡಬೇಕಿಲ್ಲ, ಯಂತ್ರ ನೆನಪಿಡುತ್ತದೆ. ಕನ್ನಡಕ್ಕೆ ಬೇಡವಾದ ಎಫ್ ಕೀಲಿಗೆ ಒತ್ತಕ್ಷರ ಕೂಡಿಸುವ ಕೆಲಸ. ಕ್ಯೂ, ಡಬ್ಲ್ಯೂಗಳಲ್ಲಿ ಟ, ಡ. ನಾವು ಶಾಲೆಯಲ್ಲಿ ಕೂಗಿ ಕೂಗಿ ಕಲಿತ ಕಾಗುಣಿತವನ್ನೇ ಇಲ್ಲಿ ಬೆರಳು ಹೇಳುತ್ತದೆ. ಕಾಕಾ ಹೇಳಿದ 'ತಾನ ತಿಳೀತೈತಿ' ಎಂಬ ಮಾತಿನ ಹಿಂದೆ ಇಂಥ ವ್ಯಾಕರಣಜ್ಞಾನ ಅಡಗಿರುತ್ತದೆ.

ರಾವ್ ಇದನ್ನು ಉಚಿತವಾಗಿ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಇದೇ ವಿನ್ಯಾಸವನ್ನು ಬಳಸಿತು, ಸರ್ಕಾರ ಮಾನ್ಯ ಮಾಡಿತು, ಡಿಟಿಪಿ ಅಂಗಡಿಗಳಿಗೆ, ಕಚೇರಿಗಳಿಗೆ, ಈಗ ಮೊಬೈಲಿಗೂ ಬಂತು. ಇಷ್ಟು ಹೇಳಿ ಉಚಿತವೇ ಶ್ರೇಷ್ಠ ಎಂದು ಲೇಖನ ಮುಗಿಸುವುದು ಸುಲಭ. ನನಗೆ ಅಷ್ಟು ನೆಮ್ಮದಿಯಿಲ್ಲ. ಟೈಪಿಂಗ್ ಕಲಿತ ಅಂಗಡಿಯಲ್ಲಿ ನನಗೆ ಹೇಳಿದ್ದು 'ನುಡಿ ಲೇಔಟ್' ಎಂದು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಇದರ ಹೆಸರು 'ಕಗಪ', ಗಣಕ ಪರಿಷತ್ತಿನ ಮೊದಲಕ್ಷರಗಳು. ಅದೇ ಪಟ್ಟಿಯಲ್ಲಿ ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ 'ಕಗಪ' ಇದೆ. ಮನುಷ್ಯನ ಹೆಸರು ಎಲ್ಲೂ ಇಲ್ಲ. ಬೇಲಿ ಹಾಕಿದ ಪೇಟೆಂಟ್ ಓರ್ಡಿಂಗನ ಹೆಸರನ್ನಾದರೂ ಉಳಿಸಿದೆ. ಬೇಲಿ ಹಾಕದ ನಾವು ಕೊಟ್ಟವರ ಹೆಸರನ್ನೇ ಉದುರಿಸಿದ್ದೇವೆ. 2013ರಲ್ಲಿ ಹಂಪಿ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟದ್ದು ನಿಜ. ಆದರೆ ಪ್ರಶಸ್ತಿಯ ಸುದ್ದಿ ಕೀಲಿಮಣೆಯವರೆಗೆ ಬರುವುದಿಲ್ಲವಲ್ಲ.

ಒಡೆತನ ಬೇರೆ, ಹೆಸರು ಬೇರೆ ಎಂಬುದು ಕನ್ನಡಕ್ಕೆ ಹೊಸತಲ್ಲ. ವಚನಕಾರರ ಅಂಕಿತ ದೇವರ ಹೆಸರು, ಆದರೂ ಆ ವಚನ ಯಾರದೆಂದು ಗುರುತಿಸುವುದು ಅದರಿಂದಲೇ. ಅದು ಯಾರನ್ನೂ ಹೊರಗಿಡುವುದಿಲ್ಲ, ಹಾಡುವವರು ಹಾಡುತ್ತಾರೆ. ಗೊಗ್ಗವ್ವೆಯ ಹೆಸರು ನೆನಪಿಲ್ಲದವರೂ ಅಂಕಿತ ಹಿಡಿದು ಹುಡುಕಬಹುದು. ನಮ್ಮ ತಂತ್ರಾಂಶಗಳಿಗೆ ಬೇಕಾದದ್ದು ಚೆಕ್ಕುಬಂದಿಯಲ್ಲ, ಇಂಥ ಅಂಕಿತ. ವಿಚಿತ್ರವೆಂದರೆ ರಾವ್ ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು', ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ತಮ್ಮ ಹೆಸರನ್ನು ಅಲ್ಲಿಯೂ ಇಡಲಿಲ್ಲ.

ನನ್ನ ಪಿಎಚ್.ಡಿ. ಪ್ರಬಂಧದ ಕೃತಜ್ಞತೆಯ ಪುಟಕ್ಕೆ ಅವರ ಹೆಸರು ಸೇರಿಸಿದೆ. ಕರಡು ಓದಿದ ಗೆಳೆಯ, "ಕೆ.ಪಿ. ರಾವ್ ಅಂದ್ರ ಯಾರು, ನಿಮ್ಮ ವಿಭಾಗದವರಾ?" ಎಂದು ಕೇಳಿದ. ಅವನೂ ಆ ಪ್ರಶ್ನೆಯನ್ನು ನನಗೆ ಟೈಪ್ ಮಾಡಿ ಕಳಿಸಿದ್ದು ಅದೇ ಕೀಲಿಮಣೆಯಲ್ಲಿ.