‘ಮಳೆ ನಿಂತೀತು’: ಒಂದು ಮಹಾಪ್ರಬಂಧದ ಓದು

ಕೆಲವು ವರ್ಷಗಳ ಹಿಂದೆ ಡಂಬಳದ ಒಂದು ಸಣ್ಣ ಸಭೆಯಲ್ಲಿ ನಾನು ಆಡಬಾರದ ಮಾತೊಂದನ್ನು ಆಡಿದೆ. ಪರಿಸರದ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕರೆದಿದ್ದರು. ಕನ್ನಡ ಅಧ್ಯಾಪಕನಿಗೆ ಯಾವ ವಿಷಯ ಕೊಟ್ಟರೂ ನಡೆದೀತೆಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಹಿಂದಿನ ದಿನ ಓದಿದ್ದ ಒಂದು ಲೇಖನದ ಬಲದ ಮೇಲೆ ನಾನು, ಭೂಮಿ ಕಾಯುತ್ತ ಹೋದಂತೆ ನಮ್ಮ ಮುಂಗಾರು ಒಮ್ಮೆಲೇ ನಿಂತುಹೋಗುತ್ತದೆ, ಒಂದೇ ವರ್ಷದಲ್ಲಿ ನಿಲ್ಲುತ್ತದೆ, ವಿಜ್ಞಾನಿಗಳು ಲೆಕ್ಕ ಹಾಕಿಟ್ಟಿದ್ದಾರೆ ಎಂದು ಬಿಟ್ಟೆ. ಚಪ್ಪಾಳೆಯೂ ಬಿತ್ತು. ಸಭೆ ಮುಗಿದ ಮೇಲೆ ವಯಸ್ಸಾದ ರೈತರೊಬ್ಬರು ಹತ್ತಿರ ಬಂದು ನಿಂತರು.

“ಸರ್ರ, ಮಳಿ ನಿಂತ ಹೋಗತೈತಿ ಅಂದ್ರಿ. ಯಾವಾಗ್ರಿ? ನನ್ನ ಮಗ ಹೊಲಾ ಮಾರಿ ಹುಬ್ಬಳ್ಳಿಗೆ ಹೋಗೂಣು ಅನ್ನಾಕತ್ತಾನ. ಮಾರಬೇಕೋ ಬ್ಯಾಡೋ, ಅಷ್ಟ ಹೇಳ್ರಿ.”

ನಾನು ಏನೋ ಹೇಳಿ ಜಾರಿಕೊಂಡೆ. ಆದರೆ ಮಾತು ಬೆನ್ನು ಬಿಡಲಿಲ್ಲ. ಆ ಲೇಖನದ ಬೇರು ಎಲ್ಲಿದೆಯೆಂದು ಹುಡುಕುತ್ತ ಹೋದಾಗ ಅದು ನನ್ನನ್ನು ಜರ್ಮನಿಯ ಪಾಟ್ಸ್‌ಡಾಮ್ ವಿಶ್ವವಿದ್ಯಾನಿಲಯಕ್ಕೆ, ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಸಿದ್ಧವಾದ ಒಂದು ಡಾಕ್ಟರೇಟ್ ಮಹಾಪ್ರಬಂಧಕ್ಕೆ ಕೊಂಡೊಯ್ದಿತು. ಬರೆದವರು ಕಿರ್ಸ್ಟೆನ್ ಜಿಕ್‌ಫೆಲ್ಡ್. ವಿಜ್ಞಾನದಲ್ಲಿ ನನ್ನದು ಅಧಿಕಾರವಾಣಿಯಲ್ಲ. ಸಮೀಕರಣಗಳನ್ನು ತಜ್ಞರ ವಿವರಣೆಯ ಊರುಗೋಲಿನಿಂದಲೇ ದಾಟಿದ್ದೇನೆ. ಆದರೆ ಒಂದು ಬರಹ ಹೇಗೆ ಹುಟ್ಟಿತು, ಕೈಯಿಂದ ಕೈಗೆ ಹೋಗುವಾಗ ಎಲ್ಲಿ ಪಾಠ ಕೆಟ್ಟಿತು ಎಂದು ನೋಡುವುದು ನನ್ನ ಕಸುಬೇ ಆದ್ದರಿಂದ, ಗ್ರಂಥವಿಮರ್ಶೆಯ ರೀತಿಯಲ್ಲಿ ಇದನ್ನು ನೋಡಲು ಹಿಂಜರಿಯುವುದಿಲ್ಲ.

ಪ್ರಬಂಧದ ಉದ್ದೇಶ ಸಣ್ಣದಲ್ಲ. ಹವಾಮಾನದಲ್ಲಿ ಅಪರೂಪಕ್ಕೆ ಆಗಬಹುದಾದ, ಆದರೆ ಆದರೆ ಮಹಾ ಅನಾಹುತವಾಗುವ ಘಟನೆಗಳನ್ನು ಸರಳವಾದ ಗಣಿತದ ಮಾದರಿಗಳಲ್ಲಿ ಕಟ್ಟಿ, ಆಳುವವರ ನಿರ್ಧಾರಕ್ಕೆ ಒದಗುವಂತೆ ಮಾಡುವುದು. ಅಟ್ಲಾಂಟಿಕ್ ಸಾಗರದ ಮಹಾಪ್ರವಾಹ ನಿಲ್ಲಬಹುದೆ ಎಂಬುದು ಒಂದು ಪ್ರಶ್ನೆ. ಭಾರತದ ಮುಂಗಾರು ಕುಸಿಯಬಹುದೆ ಎಂಬುದು ಇನ್ನೊಂದು. ಇದರ ಹಿಂದಿರುವ ವಿಧಾನವೊಂದು ನನಗೆ ತುಂಬ ಹಿಡಿಸಿತು. ಸಾಮಾನ್ಯವಾಗಿ ಇಷ್ಟು ಹೊಗೆ ಬಿಟ್ಟರೆ ಏನಾದೀತು ಎಂದು ಮುಂದಕ್ಕೆ ಲೆಕ್ಕ ಹಾಕುತ್ತಾರೆ. ಇವರು ತಿರುವುಮುರುವಾಗಿ ನಡೆಯುತ್ತಾರೆ: ತಾಳಲಾರದ್ದು ಯಾವುದು ಎಂಬ ಮೇರೆಯನ್ನು ಮೊದಲು ಗುರುತಿಸಿ, ಅದನ್ನು ದಾಟದಿರಬೇಕಾದರೆ ಹೊಗೆಯನ್ನು ಎಷ್ಟರೊಳಗೆ ಇಡಬೇಕು ಎಂದು ಹಿಂದಕ್ಕೆ ಬರುತ್ತಾರೆ. ಕೆರೆ ಕಟ್ಟಿದವರು ಮಾಡಿದ್ದೂ ಇದನ್ನೇ. ಯಾವ ವರ್ಷ ಎಷ್ಟು ಮಳೆ ಎಂದು ಅವರಿಗೆ ತಿಳಿದಿರಲಿಲ್ಲ. ಏರಿಯ ಮೇಲೆ ನೀರು ಹರಿಯಕೂಡದೆಂಬುದು ಮಾತ್ರ ತಿಳಿದಿತ್ತು. ಆ ಮಟ್ಟಕ್ಕಿಂತ ಕೆಳಗೆ ಕೋಡಿಯನ್ನು ಇಟ್ಟರು.

ಏರಿಯ ಮಾತು ಬಂದದ್ದು ಒಳ್ಳೆಯದೇ ಆಯಿತು. ಈ ವಿಜ್ಞಾನದ ಎರಡು ಮುಖ್ಯ ಪರಿಭಾಷೆಗಳನ್ನು ಅಲ್ಲಿಯೇ ವಿವರಿಸಬಹುದು. ಮಣ್ಣಿನ ಏರಿಯ ಮೇಲೆ ಒಂದು ಬೆರಳಗಲ ನೀರು ಹರಿಯಿತೆನ್ನಿ. ನೀರು ಮಣ್ಣನ್ನು ಕೊರೆಯುತ್ತದೆ. ಕೊರೆದ ಜಾಗದಲ್ಲಿ ಹೆಚ್ಚು ನೀರು ನುಗ್ಗುತ್ತದೆ. ಹೆಚ್ಚಿದ ನೀರು ಇನ್ನಷ್ಟು ಕೊರೆಯುತ್ತದೆ. ಕಾರ್ಯವೇ ತಿರುಗಿ ಕಾರಣವನ್ನು ಬಲಪಡಿಸುವ ಈ ಸುತ್ತಿಗೆ ನಮ್ಮ ಪಠ್ಯಪುಸ್ತಕದವರು ‘ಧನಾತ್ಮಕ ಹಿಮ್ಮಾಹಿತಿ’ ಎಂದು ಹೆಸರಿಟ್ಟಿದ್ದಾರೆ. ಕೇಳಿದವನು ಯಾವುದೋ ಶುಭ ಸಮಾಚಾರವೆಂದುಕೊಂಡಾನು! ಇಲ್ಲಿ ಮಾಹಿತಿಯೂ ಇಲ್ಲ, ಧನವೂ ಇಲ್ಲ. ಬಡ್ಡಿ ಅಸಲಿಗೆ ಸೇರಿ ಮತ್ತೆ ಬಡ್ಡಿ ಹುಟ್ಟಿಸುವ ಚಕ್ರಬಡ್ಡಿಯ ವ್ಯವಹಾರ ಅದು; ಸಾಲ ಮಾಡಿದ ಯಾರಿಗೂ ವಿವರಿಸಬೇಕಾಗಿಲ್ಲ. ಇನ್ನೊಂದು ಪದಕ್ಕೆ ‘ತಿರುವು ಬಿಂದು’ ಎಂಬ ಅನುವಾದ ಚಲಾವಣೆಗೆ ಬಂದಿದೆ. ಇದೂ ಸಾಲದು. ತಿರುವಿನಿಂದ ಬಂದ ದಾರಿಗೆ ಮರಳಬಹುದು. ಹೊಟ್ಟು ಹೇರಿದ ಚಕ್ಕಡಿ ಒಂದು ಕಡೆಗೆ ವಾಲುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಒಂದು ಮಿತಿ ದಾಟಿದರೆ ಮಗುಚಿಕೊಳ್ಳುತ್ತದೆ. ಮಗುಚಿದ ಮೇಲೆ ಹೊಟ್ಟನ್ನು ಇಳಿಸಿದ ಮಾತ್ರಕ್ಕೆ ಎದ್ದು ನಿಲ್ಲುವುದಿಲ್ಲ. ಹತ್ತು ಜನ ಹೆಗಲು ಕೊಡಬೇಕು. ‘ಮಗುಚುಮಿತಿ’ ಎಂದರೆ ಅರ್ಥ ನಿಲ್ಲುತ್ತದೆ. ಪತ್ರಿಕೆಗಳಿಗೆ ‘ಪಲ್ಟಿ’ ಎಂಬ ಪದವಂತೂ ನಿತ್ಯದ ಬಳಕೆಯದೇ ಆಗಿದೆ.

ಇನ್ನು ಮುಂಗಾರಿನ ಅಧ್ಯಾಯ. 2005ರಲ್ಲಿ ಜಿಕ್‌ಫೆಲ್ಡ್ ಅವರು ಸಹಲೇಖಕರೊಡನೆ ಇದರ ಸಾರವನ್ನು ಪ್ರತ್ಯೇಕ ಲೇಖನವಾಗಿ ಪ್ರಕಟಿಸಿದರು. ಬೇಸಗೆಯಲ್ಲಿ ನೆಲ ಕಾಯುತ್ತದೆ, ಕಡಲು ಅಷ್ಟು ಕಾಯುವುದಿಲ್ಲ. ಆ ವ್ಯತ್ಯಾಸದಿಂದ ಕಡಲ ಗಾಳಿ ಒಳನಾಡಿಗೆ ನುಗ್ಗುತ್ತದೆ. ಗಾಳಿ ತಂದ ಆವಿ ಮಳೆಯಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಇಡ್ಲಿಯ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರು ಈ ಶಾಖವನ್ನು ಬಲ್ಲರು. ಆ ಶಾಖ ನೆಲದ ಮೇಲಿನ ಗಾಳಿಯನ್ನು ಇನ್ನಷ್ಟು ಕಾಯಿಸಿ, ಇನ್ನಷ್ಟು ಕಡಲ ಗಾಳಿಯನ್ನು ಎಳೆಯುತ್ತದೆ. ಮಳೆಯೇ ಮಳೆಯನ್ನು ಕರೆಯುತ್ತದೆ ಎಂದಾಯಿತು. ಹಾಗಿದ್ದಲ್ಲಿ ಗಾಳಿ ಒಂದು ಮಿತಿಗಿಂತ ಕುಗ್ಗಿದರೆ ಸುತ್ತು ಹಿಂದುಮುಂದಾಗಿ ತಿರುಗಿ, ಮುಂಗಾರು ಅಲ್ಪವೃಷ್ಟಿಯ ಇನ್ನೊಂದು ಸ್ಥಿತಿಗೆ ಧುಮುಕೀತು. ಹೊಗೆ ಮತ್ತು ಗಂಧಕದ ಕಣಗಳಿಂದಲೋ, ನೆಲದ ಹಸಿರು ಬೋಳಾಗಿಯೋ ನಮ್ಮ ನಾಡು ಬಿಸಿಲನ್ನು ಹೆಚ್ಚಾಗಿ ಹಿಂದಕ್ಕೆ ಹೊಡೆಯತೊಡಗಿದರೆ, ಅಂದರೆ ಬಿದ್ದ ಬಿಸಿಲಿನ ಸುಮಾರು ಅರ್ಧದಷ್ಟು ಮರಳಿ ಹೋದರೆ, ಆ ಧುಮುಕು ಸಾಧ್ಯ ಎಂಬುದು ಮಾದರಿಯ ಮಾತು. ಇದೇ ಮಾದರಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಮುಂಗಾರು ಬಲಗೊಳ್ಳುತ್ತದೆ, ಕುಗ್ಗುವುದಿಲ್ಲ. ಭೂಮಿ ಕಾಯ್ದಂತೆಲ್ಲ ಮಳೆ ನಿಲ್ಲುತ್ತದೆ ಎಂದು ಡಂಬಳದಲ್ಲಿ ಸಾರಿದ್ದೆನಲ್ಲ, ಆ ಮಾತಿಗೆ ಮೂಲದಲ್ಲಿಯೇ ಆಧಾರವಿಲ್ಲ!

ಅದಿರಲಿ. ವಿಮರ್ಶಕನಾಗಿ ನನ್ನ ಮೊದಲ ಆಕ್ಷೇಪ ಮಾದರಿಯ ಅಳತೆಯನ್ನು ಕುರಿತದ್ದು. ಇಲ್ಲಿ ಇಡೀ ಭಾರತ ಒಂದೇ ಪೆಟ್ಟಿಗೆ. ಚಿರಾಪುಂಜಿಯೂ ಅದೇ, ಮುಂಡರಗಿ ತಾಲ್ಲೂಕೂ ಅದೇ. ಸಹ್ಯಾದ್ರಿಯ ಮರೆಯಲ್ಲಿ ಕೂತು, ಗುಡ್ಡದಾಚೆ ಸುರಿದು ಉಳಿದ ಮೋಡಕ್ಕೆ ಕೈಯೊಡ್ಡುವ ಎರೆಭೂಮಿಯ ಕಥೆ ಈ ಪೆಟ್ಟಿಗೆಯಲ್ಲಿ ಹಿಡಿಯುವುದಿಲ್ಲ. ಆದರೆ ಇದನ್ನು ದೋಷವೆಂದು ಬಹಳ ದೂರ ಎಳೆಯುವಂತಿಲ್ಲ. ಒಂದು ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಲು ಉಳಿದೆಲ್ಲವನ್ನೂ ಬದಿಗಿಡುವುದು ಪ್ರಬಂಧಕಾರರ ಹಕ್ಕು, ಮತ್ತು ಅವರು ಅದನ್ನು ಮುಚ್ಚಿಟ್ಟಿಲ್ಲ. ಮಾದರಿಯೆಂದರೆ ರೂಪಕದ ಹಾಗೆ. ಮುಖವನ್ನು ಕಮಲವೆಂದ ಕವಿಯನ್ನು ದಂಟು ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಎರಡನೆಯ ಸಂಗತಿ ಹೆಚ್ಚು ಸ್ವಾರಸ್ಯದ್ದು. 2008ರಲ್ಲಿ ಟಿಮ್ ಲೆಂಟನ್ ಮತ್ತಿತರರು ಭೂಮಂಡಲದ ಮಗುಚಬಲ್ಲ ಅಂಗಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದಾಗ ನಮ್ಮ ಮುಂಗಾರಿಗೂ ಅದರಲ್ಲಿ ಸ್ಥಾನ ದೊರೆಯಿತು. ಮಗುಚಲು ಹಿಡಿಯುವ ಕಾಲ ಸುಮಾರು ಒಂದು ವರ್ಷ ಎಂದು ಕೋಷ್ಟಕದಲ್ಲಿ ಬರೆದರು. ನನ್ನ ಭಾಷಣದ ‘ಒಂದೇ ವರ್ಷ’ ಬಂದದ್ದು ಇಲ್ಲಿಂದಲೇ ಇರಬೇಕು. 2009ರಲ್ಲಿ ಆಂಡರ್ಸ್ ಲೆವರ್ಮನ್ ಮತ್ತು ಸಂಗಡಿಗರು ಮಳೆ ಕರೆಯುವ ಮಳೆಯ ಸುತ್ತನ್ನು ಇನ್ನೂ ಸರಳ ಸಮೀಕರಣಕ್ಕೆ ಇಳಿಸಿದರು. 2016ರಲ್ಲಿ ವಿಲಿಯಮ್ ಬೂಸ್, ಟ್ರೂಡ್ ಸ್ಟೋರೆಲ್ವ್ಮೊ ಎಂಬಿಬ್ಬರು ಈ ಬಗೆಯ ಸಿದ್ಧಾಂತದಲ್ಲಿ ಒಂದು ಪದವೇ ಬಿಟ್ಟುಹೋಗಿದೆ ಎಂದು ತೋರಿಸಿದರು. ಗಣಿತದಲ್ಲಿಯೂ ಅದಕ್ಕೆ ‘ಪದ’ವೆಂದೇ ಹೆಸರಿರುವುದು ನಮ್ಮಂಥವರ ಪುಣ್ಯ. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಮಳೆಯಾಗುವಾಗ ಬಿಡುಗಡೆಯಾದ ಶಾಖವನ್ನು ಈ ತಂಪು ನುಂಗಿಹಾಕುತ್ತದೆ. ಬಿಟ್ಟ ಪದವನ್ನು ಸೇರಿಸಿ ಓದಿದರೆ ಧುಮುಕು ಇಲ್ಲ. ಮುಂಗಾರು ಕುಗ್ಗಬಹುದು, ಹಿಗ್ಗಬಹುದು, ಆದರೆ ಅಳತೆಗೆ ತಕ್ಕಂತೆ, ಮೆಲ್ಲಮೆಲ್ಲಗೆ. ದೊಡ್ಡ ಗಣಕಯಂತ್ರದ ಮಾದರಿಗಳಲ್ಲಿಯೂ ಅವರಿಗೆ ಹಾಗೆಯೇ ಕಂಡಿತು.

ತಾಳೆಗರಿಯ ಲಿಪಿಕಾರ ಒಂದು ಪದ ಬಿಟ್ಟರೆ ಛಂದಸ್ಸು ಕುಂಟಿ ಕೂಗಿಕೊಳ್ಳುತ್ತದೆ. ಸಮೀಕರಣದಲ್ಲಿ ಬಿಟ್ಟ ಪದ ಹಾಗೆ ಕೂಗುವುದಿಲ್ಲ. ಉಳಿದದ್ದು ಮೊದಲಿಗಿಂತ ಸುಂದರವಾಗಿಯೇ ಕಾಣುತ್ತದೆ. ಲೆವರ್ಮನ್ ಮತ್ತು ಸಂಗಡಿಗರು ಸುಮ್ಮನಿರಲಿಲ್ಲ. ಹಿಂದಿನ ಯುಗಗಳಲ್ಲಿ ಮುಂಗಾರು ಹಠಾತ್ತಾಗಿ ಬದಲಾದ ಕುರುಹುಗಳುಂಟಲ್ಲ, ಅವಕ್ಕೆ ಏನು ಹೇಳುತ್ತೀರಿ ಎಂದು ಅದೇ ವರ್ಷ ಉತ್ತರ ಕೊಟ್ಟರು. ವಾದ ಮುಗಿಯಿತೆಂದು ನಾನು ತೀರ್ಪು ಕೊಡಲಾರೆ. ಆದರೆ 2022ರಲ್ಲಿ ಮಗುಚಬಲ್ಲ ಅಂಗಗಳ ಪಟ್ಟಿಯನ್ನು ಪರಿಷ್ಕರಿಸಿ ಹದಿನಾರನ್ನು ಹೆಸರಿಸಿದಾಗ ಪಶ್ಚಿಮ ಆಫ್ರಿಕದ ಮುಂಗಾರು ಉಳಿಯಿತು, ನಮ್ಮದು ಉಳಿಯಲಿಲ್ಲ. ಇದು ಪ್ರಬಂಧದ ಸೋಲೆ? ನನಗೆ ಹಾಗೆ ತೋರುವುದಿಲ್ಲ. ತನ್ನ ಮಾತನ್ನು ಇತರರು ಪರೀಕ್ಷಿಸಿ ತಳ್ಳಿಹಾಕಬಹುದಾದಷ್ಟು ನಿಚ್ಚಳವಾಗಿ ಹೇಳಿದ ಮಹಾಪ್ರಬಂಧಗಳು ನಮ್ಮ ವಿಭಾಗಗಳಲ್ಲಿ ಎಷ್ಟು ಸಿಗುತ್ತವೆ? ನಾನೇ ಓದಿದ ಅನೇಕ ಸಾಹಿತ್ಯ ಪ್ರಬಂಧಗಳನ್ನು ತಪ್ಪೆಂದು ಸಾಧಿಸುವುದೂ ಅಸಾಧ್ಯ. ಅವು ಏನನ್ನೂ ಹೇಳಿರುವುದಿಲ್ಲ.

ಪಾಠ ನಿಜವಾಗಿ ಕೆಟ್ಟದ್ದು ಮೂಲದಲ್ಲಲ್ಲ, ಕನ್ನಡದಲ್ಲಿ. ಪ್ರಬಂಧದ ಮುಖ್ಯ ವಾಕ್ಯಗಳೆಲ್ಲ ‘ಆದರೆ, ಹೋದರೆ, ದಾಟಿದರೆ’ ಎಂಬ ಪಕ್ಷಾರ್ಥಕದ ಮೇಲೆ ನಿಂತಿವೆ. ಪತ್ರಿಕೆಗೆ ಬರುವಷ್ಟರಲ್ಲಿ ಆ ‘ರೆ’ ಉದುರಿತು. ಭಾಷಣಕ್ಕೆ ಬರುವಷ್ಟರಲ್ಲಿ ‘ನಿಲ್ಲಬಹುದು’ ಎಂಬುದು ‘ನಿಲ್ಲುತ್ತದೆ’ ಎಂದಾಯಿತು. ಹವಾಮಾನವನ್ನು ಕುರಿತ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ಸಂಶಯಕ್ಕೂ ಅಳತೆಗೋಲು ಉಂಟು: ನೂರಕ್ಕೆ 66ಕ್ಕಿಂತ ಹೆಚ್ಚಾದರೆ ‘ಸಂಭವ’, 90ಕ್ಕಿಂತ ಹೆಚ್ಚಾದರೆ ‘ಬಹುಸಂಭವ’, 99 ದಾಟಿದರೆ ‘ಹೆಚ್ಚುಕಡಿಮೆ ಖಚಿತ’. ಇಂಥ ಸೂಕ್ಷ್ಮ ಕನ್ನಡಕ್ಕೆ ಒಗ್ಗುವುದಿಲ್ಲವೆಂದು ಕೆಲವು ಗೆಳೆಯರು ಹೇಳುತ್ತಾರೆ. ನಾನು ಒಪ್ಪಲಾರೆ. ವಿಧ್ಯರ್ಥಕ, ನಿಷೇಧಾರ್ಥಕಗಳ ಸಾಲಿನಲ್ಲಿಯೇ ಸಂಭಾವನಾರ್ಥಕವನ್ನು ನಾವು ಹೈಸ್ಕೂಲಿನಲ್ಲಿ ಕಲಿಸುತ್ತೇವೆ. ‘ಬಂದೀತು’ ಬೇರೆ, ‘ಬರಬಹುದು’ ಬೇರೆ, ‘ಬರುತ್ತದೆ’ ಬೇರೆ, ‘ಬಂದೇ ಬರುತ್ತದೆ’ ಬೇರೆ. ಪರೀಕ್ಷೆಗೆ ಎರಡು ಅಂಕಕ್ಕೆ ಕಲಿಸಿದ ಕ್ರಿಯಾರೂಪವನ್ನು ಬರೆಯುವ ಹೊತ್ತಿಗೆ ನಾವು ಮರೆತಿದ್ದೇವೆ. ನಮ್ಮ ಕಡೆಯ ಒಕ್ಕಲುತನದ ಮಾತಿನಲ್ಲಿ ಮಾತ್ರ ಅದು ಇಂದಿಗೂ ದಿನಬಳಕೆಯದು. ಮೋಡ ನೋಡಿದವರು ‘ಸಂಜೀಕ ಬಂದೀತು’ ಎನ್ನುತ್ತಾರೆ.

ಇದು ವ್ಯಾಕರಣದ ಚೌಕಾಶಿಯಲ್ಲ. ಒಮ್ಮೆಲೇ ನಿಲ್ಲುತ್ತದೆಂಬ ಹೆದರಿಕೆಯ ಹಿಂದೆ, ನಿಜವಾಗಿ ನಡೆಯುತ್ತಿರುವುದು ಮರೆಯಾಗುತ್ತದೆ. ಭೂವಿಜ್ಞಾನ ಸಚಿವಾಲಯದ ತಜ್ಞರು 2020ರಲ್ಲಿ ಹೊರತಂದ ವರದಿಯ ಪ್ರಕಾರ 1951ರಿಂದ 2015ರವರೆಗೆ ದೇಶದ ಮುಂಗಾರು ಮಳೆ ನೂರಕ್ಕೆ ಸುಮಾರು 6ರಷ್ಟು ಇಳಿದಿದೆ. ಇದಕ್ಕೆ ಹೊಗೆಯ ಕಣಗಳೂ ಒಂದು ಕಾರಣವೆಂದು ಅವರು ಭಾವಿಸುತ್ತಾರೆ. ಧುಮುಕು ತಪ್ಪಾದರೂ ಪ್ರಬಂಧ ಬೊಟ್ಟು ಮಾಡಿದ ದಿಕ್ಕು ತಪ್ಪಲ್ಲವೆಂದಾಯಿತು. ಅದೇ ಅವಧಿಯಲ್ಲಿ ಮಧ್ಯಭಾರತದಲ್ಲಿ ದಿನಕ್ಕೆ 150 ಮಿಲಿಮೀಟರಿಗಿಂತ ಹೆಚ್ಚು ಸುರಿಯುವ ಮಳೆಗಳು ನೂರಕ್ಕೆ ಸುಮಾರು 75ರಷ್ಟು ಹೆಚ್ಚಿವೆ. ಒಟ್ಟು ಇಳಿದು, ಸುರಿತ ಏರಿದರೆ ಏನಾಗುತ್ತದೆಂಬುದನ್ನು ಕಪ್ಪತಗುಡ್ಡದ ಬುಡದಲ್ಲಿ ನಿಂತವರಿಗೆ ಹೇಳಬೇಕಿಲ್ಲ. ಬೋಳು ಇಳಿಜಾರಿನಲ್ಲಿ ಬಿದ್ದ ನೀರು ಇಂಗದೆ ಮಣ್ಣನ್ನು ಕಿತ್ತುಕೊಂಡು ಓಡುತ್ತದೆ. ಮಣ್ಣು ಹೋದಲ್ಲಿ ಗಿಡ ಹತ್ತುವುದಿಲ್ಲ. ಗಿಡವಿಲ್ಲದಲ್ಲಿ ನೀರು ಇನ್ನೂ ಜೋರಾಗಿ ಓಡುತ್ತದೆ. ಹೂಳು ಕೆಳಗಿನ ಕೆರೆಗೆ ಬರುತ್ತದೆ. ಇದೂ ಚಕ್ರಬಡ್ಡಿಯೇ, ಇದಕ್ಕೂ ಮಗುಚುಮಿತಿ ಉಂಟು. ಗುಡ್ಡ ಮೋಡವನ್ನು ಸೆಳೆದು ಮಳೆ ತರಿಸುತ್ತದೆಂದು ಹೊಗಳುವವರ ಜೊತೆಗೆ ನಾನಿಲ್ಲ. ಅಷ್ಟು ಸಣ್ಣ ಗುಡ್ಡದಿಂದ ಅಷ್ಟು ದೊಡ್ಡ ಕೆಲಸವನ್ನು ನಿರೀಕ್ಷಿಸಬಾರದು. ಬಿದ್ದ ಮಳೆಯನ್ನು ಅದು ಹಿಡಿದಿಡುತ್ತದೆ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿ, 2016ರಲ್ಲಿ ಆ ಘೋಷಣೆಯನ್ನು ಹಿಂತೆಗೆದುಕೊಂಡು, ಜನರ ಹೋರಾಟದ ಮೇಲೆ 2017ರಲ್ಲಿ ಮತ್ತೆ ಘೋಷಿಸಿ, 2019ರಲ್ಲಿ ವನ್ಯಜೀವಿಧಾಮವನ್ನಾಗಿ ಮಾಡಿದ ಇತಿಹಾಸ ಓದುಗರಿಗೆ ನೆನಪಿರಬಹುದು. ಆ ಎಳೆದಾಟದಲ್ಲಿ ಔಷಧಿ ಸಸ್ಯಗಳ ಮಾತು, ಚಿನ್ನದ ಮಾತು ಎರಡೂ ಬಂದವು. ಮಣ್ಣು-ನೀರಿನ ಈ ಸುತ್ತಿನ ಮಾತು ಸಾಲುವಷ್ಟು ಬರಲಿಲ್ಲ. ನೀತಿಗೆ ಒದಗುವ ಪ್ರಬಂಧವನ್ನು ಯಾರಾದರೂ ತರುಣರು ಬರೆಯುವುದಾದರೆ ವಸ್ತು ಇಲ್ಲಿದೆ. ಇಡೀ ಭಾರತದ ಪೆಟ್ಟಿಗೆ ಬೇಡ. ಒಂದು ಕೆರೆಯ ಜಲಾನಯನ ಪ್ರದೇಶ ಸಾಕು.

ಹೋದ ಹಿಂಗಾರಿನಲ್ಲಿ ಆ ಹಿರಿಯರನ್ನು ನಾನೇ ಹುಡುಕಿಕೊಂಡು ಹೋದೆ. ಮಗ ಹುಬ್ಬಳ್ಳಿಗೆ ಹೋಗಿದ್ದ. ಹೊಲ ಮಾರಿರಲಿಲ್ಲ, ಕಡಲೆ ಬಿತ್ತಿದ್ದರು. ಅಂದು ನಾನು ಆಡಿದ್ದು ತಪ್ಪೆಂದೆ. ಮಳೆ ಒಮ್ಮೆಲೇ ನಿಲ್ಲುತ್ತದೆಂಬುದಕ್ಕೆ ಈಗ ಆಧಾರ ಕಡಿಮೆ. ಬಂದರೆ ಒಂದೇ ದಿನ ಜೋರಾಗಿ ಸುರಿದೀತು, ಆಮೇಲೆ ವಾರಗಟ್ಟಲೆ ಬಾರದಿದ್ದೀತು ಎಂದೆ. ಅವರು ಹೊಲದ ಇಳಿಜಾರಿನ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಇದನ್ನ ಅವತ್ತ ಹೇಳಬೇಕಿತ್ರಿ ಸರ್ರ,” ಎಂದರು. “ಹಂಗಾರ ಆ ಒಡ್ಡಿಗೆ ಇನ್ನೊಂದ ಕೋಡಿ ಇಡಬೇಕಾತು.”